ಸೈಕಲ್ಲು ಬಂತು, ದಾರಿ ಬರಲಿಲ್ಲ

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಏಳನೆಯ ಕ್ಲಾಸು ಮುಗಿಸಿ, ನಾಲ್ಕೈದು ಕಿಲೊಮೀಟರ್ ಆಚೆಯ ಹೈಸ್ಕೂಲಿಗೆ ಹೋಗಲು ಬಸ್ಸಿಲ್ಲದೆ ಮನೆಯಲ್ಲೇ ಉಳಿದುಬಿಡುತ್ತಿದ್ದ ಹಳ್ಳಿಯ ಹೆಣ್ಣುಮಕ್ಕಳ ಪಾಲಿಗೆ ಅದೊಂದು ಬಿಡುಗಡೆ. ಜಡೆಗೆ ರಿಬ್ಬನ್ ಕಟ್ಟಿ, ಹಿಂದಿನ ಕ್ಯಾರಿಯರಿಗೆ ಪುಸ್ತಕದ ಚೀಲ ಸಿಕ್ಕಿಸಿ, ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುವ ಹುಡುಗಿಯರು ರಾಜ್ಯದ ಉದ್ದಗಲಕ್ಕೂ ಕಾಣತೊಡಗಿದರು. ಅವರು ತುಳಿಯುತ್ತಿದ್ದ ರಸ್ತೆ ಮಾತ್ರ ಅವರಿಗಾಗಿ ಒಂದು ಗೇಣೂ ಬದಲಾಗಲಿಲ್ಲ.

ಯಾವುದೇ ಜಿಲ್ಲಾ ರಸ್ತೆಯ ಅಂಚನ್ನು ಬಗ್ಗಿ ನೋಡಿದರೆ ಸಾಕು. ಹೊಸ ಡಾಂಬರು ಬಿದ್ದಾಗಲೆಲ್ಲ ರಸ್ತೆ ಒಂದೆರಡು ಇಂಚು ಏರುತ್ತದೆ. ಪಕ್ಕದ ಮಣ್ಣು ಏರುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇದ್ದ ಮಣ್ಣೂ ಕೊಚ್ಚಿಹೋಗಿ, ಡಾಂಬರಿನ ಅಂಚು ಕಡಿದಿಟ್ಟ ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತದೆ. ಹಿಂದೆ ಬಸ್ಸು ಹಾರನ್ ಹೊಡೆದಾಗ ಹುಡುಗಿ ಸೈಕಲ್ಲನ್ನು ಮಣ್ಣಿಗೆ ಇಳಿಸುತ್ತಾಳೆ. ಇಳಿಯುವುದು ಕಷ್ಟವಲ್ಲ. ಬಸ್ಸು ದಾಟಿತೆಂದು ಓರೆಯಾಗಿ ಮತ್ತೆ ರಸ್ತೆಗೆ ಹತ್ತಿಸುವಾಗ ಮುಂದಿನ ಚಕ್ರ ಆ ಅಂಚಿಗೆ ಉಜ್ಜಿಕೊಂಡು ಜಾರುತ್ತದೆ. ಅವಳು ಬೀಳುವುದು ಮಣ್ಣಿನ ಕಡೆಗಲ್ಲ, ಬಲಕ್ಕೆ, ರಸ್ತೆಯ ಮೇಲಕ್ಕೆ. ಆ ಬಸ್ಸಿನ ಹಿಂದೆ ಇನ್ನೊಂದು ಲಾರಿ ಬರುತ್ತಿರಬಹುದು.

ಹೀಗೇಕಾಗುತ್ತದೆ ಎನ್ನುವುದನ್ನು ಅರ್ಥ ಮಾಡಿಕೊಂಡರೆ ಸೈಕಲ್ ಸವಾರರ ಅರ್ಧಕ್ಕರ್ಧ ಕಷ್ಟ ಅರ್ಥವಾದಂತೆ. ಓಡುವ ಸೈಕಲ್ಲು ಬೀಳದೆ ಇರುವುದು ಹ್ಯಾಂಡಲ್ಲಿನ ಸಣ್ಣ ಸಣ್ಣ ಓಲಾಟದಿಂದ. ಮೈ ಬಲಕ್ಕೆ ವಾಲಿದರೆ ಮುಂದಿನ ಚಕ್ರವೂ ಬಲಕ್ಕೆ ತಿರುಗಿ, ವಾಲಿದ ಮೈಯ ಕೆಳಗೆ ಬಂದು ಅದನ್ನು ಎತ್ತಿ ಹಿಡಿಯಬೇಕು. ಎಡಕ್ಕೂ ಹಾಗೆಯೇ. ತುಳಿಯುವವರಿಗೆ ಗೊತ್ತೇ ಆಗದಂತೆ ಇದು ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಚಕ್ರ ಯಾವುದಾದರೂ ಅಂಚಿಗೆ, ಸೀಳಿಗೆ, ಹಳಿಗೆ ಸಿಕ್ಕಿ ತಿರುಗಲಾರದೆ ಹೋದರೆ ಮೈ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಎಷ್ಟೇ ನುರಿತವರಾದರೂ ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಆದ್ದರಿಂದಲೇ ರಸ್ತೆಗೆ ಅಡ್ಡಲಾಗಿರುವ ನಾಲ್ಕು ಇಂಚಿನ ಹಂಪ್ ಸೈಕಲ್ಲನ್ನು ಕುಲುಕಿಸಿ ಬಿಟ್ಟುಬಿಡುತ್ತದೆ. ರಸ್ತೆಯ ಉದ್ದಕ್ಕೆ ಸಾಗುವ ಒಂದು ಇಂಚಿನ ಏರು ಕೆಡವಿಹಾಕುತ್ತದೆ. ಕಾರಿನಲ್ಲಿ ಕುಳಿತು ರಸ್ತೆ ಪರಿಶೀಲಿಸುವ ಅಧಿಕಾರಿಗೆ ಮೊದಲನೆಯದು ಸೊಂಟಕ್ಕೆ ತಾಗಿ ಗೊತ್ತಾಗುತ್ತದೆ. ಎರಡನೆಯದು ಎಂದೂ ಗೊತ್ತಾಗುವುದಿಲ್ಲ.

ನಗರದ ರಸ್ತೆಗಳಲ್ಲಿ ಇಂಥ ಉದ್ದುದ್ದ ಬಲೆಗಳು ಒಂದೆರಡಲ್ಲ. ಮಳೆನೀರು ಇಳಿಯಲು ಕೂರಿಸಿದ ಕಬ್ಬಿಣದ ಜಾಲರಿಯ ಕಂಬಿಗಳು ವಾಹನ ಸಾಗುವ ದಿಕ್ಕಿಗೇ ನೆಟ್ಟಗಿದ್ದರೆ ನಡುವಿನ ಸಂದು ಸೈಕಲ್ ಚಕ್ರಕ್ಕೆ ಹೇಳಿ ಮಾಡಿಸಿದ ಗೂಡು. ಹಳೆಯ ಹೀರೊ, ಅಟ್ಲಾಸ್ ಸೈಕಲ್ಲಿನ ಟೈರು ಒಂದೂವರೆ ಇಂಚು ಅಗಲ. ಗೇರ್ ಸೈಕಲ್ಲುಗಳಲ್ಲಿ ಅದಕ್ಕಿಂತ ತೆಳುವಾದ, ಒಂದು ಇಂಚಿನ ಆಸುಪಾಸಿನ ಟೈರುಗಳೂ ಇವೆ. ಅಂಥ ಚಕ್ರ ಸಂದಿಗೆ ಇಳಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಮುಂದಕ್ಕೆ ಬೀಳುತ್ತಾನೆ. ಮೊದಲು ನೆಲಕ್ಕೆ ತಾಗುವುದು ಕೈ, ದವಡೆ, ಹಣೆ. ಅದೇ ಜಾಲರಿಯನ್ನು ಕಂಬಿಗಳು ರಸ್ತೆಗೆ ಅಡ್ಡ ಬರುವಂತೆ ತಿರುಗಿಸಿ ಕೂರಿಸಿದ್ದರೆ ಅಪಾಯವೇ ಇರುತ್ತಿರಲಿಲ್ಲ. ಅದಕ್ಕೆ ಒಂದು ಕೆ.ಜಿ. ಕಬ್ಬಿಣವೂ ಹೆಚ್ಚಿಗೆ ಬೇಕಿಲ್ಲ.

ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯೂ ಪಕ್ಕದ ಹಳೆಯ ಡಾಂಬರೂ ಕೂಡುವ ಗೆರೆ, ಕೇಬಲ್ ಹಾಕಲು ಅಗೆದು ಅರೆಬರೆ ಮುಚ್ಚಿದ ಕಾಲುವೆ, ರಸ್ತೆಗಿಂತ ಒಂದು ಗೇಣು ಕೆಳಗೆ ಕುಸಿದ ಚೇಂಬರ್ ಮುಚ್ಚಳ ಎಲ್ಲವೂ ಇದೇ ಜಾತಿಯವು. ಮಳೆ ಬಂದರೆ ಇವು ನೀರಿನಡಿ ಮಾಯವಾಗುತ್ತವೆ. ಒದ್ದೆ ಕಬ್ಬಿಣದ ಮುಚ್ಚಳ, ಒದ್ದೆಯಾದ ನುಣುಪು ಬಣ್ಣದ ಪಟ್ಟಿ, ರಸ್ತೆಗೆ ಉದುರಿ ಕೊಳೆತ ಹೊಂಗೆಹೂವು ಕೂಡ ತೆಳು ಚಕ್ರಕ್ಕೆ ಎಣ್ಣೆ ಸುರಿದ ನೆಲವಿದ್ದಂತೆ.

ಹಾಗಾದರೆ ಸೈಕಲ್ಲಿಗೇ ಪ್ರತ್ಯೇಕ ದಾರಿ ಮಾಡಿಕೊಟ್ಟರೆ ಕಷ್ಟ ತೀರುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಬೆಂಗಳೂರು ಅದನ್ನೂ ಮಾಡಿ ನೋಡಿದೆ. 2010ರ ದಶಕದಲ್ಲಿ ಜಯನಗರದ ರಸ್ತೆಗಳಲ್ಲಿ ಸೈಕಲ್ ಪಥಗಳ ಜಾಲವೊಂದು ರೂಪುಗೊಂಡಿತು. ಅಗಲವಾದ, ಮರಗಳ ನೆರಳಿನ ರಸ್ತೆಗಳು. ಸೈಕಲ್ ತುಳಿಯಲು ಜಯನಗರಕ್ಕಿಂತ ಒಳ್ಳೆಯ ಬಡಾವಣೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಆದರೆ ಪಥಕ್ಕೂ ರಸ್ತೆಗೂ ನಡುವೆ ಗಟ್ಟಿ ತಡೆಯಿರಲಿಲ್ಲ. ಕಾರುಗಳು ಬಂದು ನಿಂತವು, ಬಣ್ಣ ಮಾಸಿತು, ಸೈಕಲ್ಲುಗಳು ಮತ್ತೆ ನಡುರಸ್ತೆಗೆ ಬಂದವು. 2020ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ದಿಕ್ಕಿಗೆ ಸುಮಾರು 17 ಕಿಲೊಮೀಟರ್ ಉದ್ದದ ತಾತ್ಕಾಲಿಕ ಸೈಕಲ್ ಪಥ ಬಂತು. ಕೊರೊನಾ ಕಾಲದಲ್ಲಿ ಖಾಲಿಯಾಗಿದ್ದ ರಸ್ತೆಯಲ್ಲಿ ಅದು ಭರವಸೆ ಹುಟ್ಟಿಸಿತ್ತು. ಗಡಿಗೆ ನೆಟ್ಟ ಕಂಬಗಳು ಒಂದೊಂದಾಗಿ ಮುರಿದವು, ಬೈಕುಗಳು ಒಳನುಗ್ಗಿದವು, ಕೊನೆಗೆ ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಪಥದ ಗುರುತೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಕೆಟ್ಟ ಸೈಕಲ್ ಪಥ ಪಥವೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಪಥವಿಲ್ಲದ ರಸ್ತೆಯಲ್ಲಿ ಸವಾರ ಮೈಯೆಲ್ಲ ಕಣ್ಣಾಗಿ ಹೋಗುತ್ತಾನೆ. ವಾಹನದವರೂ ಅವನು ಅಲ್ಲಿರಬಹುದೆಂದು ನಿರೀಕ್ಷಿಸುತ್ತಾರೆ. ಬಣ್ಣ ಬಳಿದ ಪಥ ಇಬ್ಬರಿಗೂ ಸುಳ್ಳು ಭರವಸೆ ಕೊಡುತ್ತದೆ. ಸವಾರ ಅದನ್ನು ನಂಬಿ ಇನ್ನೂರು ಮೀಟರ್ ಹೋದ ಮೇಲೆ ಎದುರಿಗೆ ನಿಂತ ಕಾರು, ಟ್ರಾನ್ಸ್‌ಫಾರ್ಮರ್ ಕಂಬ ಅಥವಾ ಕಾಂಕ್ರೀಟ್ ರಾಶಿ ಸಿಗುತ್ತದೆ. ಆಗ ಒಮ್ಮೆಗೇ ಬಲಕ್ಕೆ ಸರಿದು ವೇಗದ ವಾಹನಗಳ ನಡುವೆ ಸೇರಬೇಕು. ಹಿಂದಿನ ಚಾಲಕನ ಕಣ್ಣಿಗೆ ಅವನು ಎಲ್ಲಿಂದಲೋ ಉದುರಿದ ಹಾಗೆ ಕಾಣುತ್ತಾನೆ.

ಪಾರ್ಕ್ ಮಾಡಿದ ಕಾರುಗಳ ಪಕ್ಕದಲ್ಲೇ ಎಳೆದ ಪಥದಲ್ಲಿ ಇನ್ನೊಂದು ಅಪಾಯವಿದೆ. ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರ್ ಹೊರಚಾಚುತ್ತದೆ. ಪಥದ ಅಗಲವೇ ಒಂದೂವರೆ ಮೀಟರ್ ಆಗಿದ್ದರೆ ಬಾಗಿಲು ತಪ್ಪಿಸಿ ತುಳಿಯಲು ಜಾಗವೇ ಇರುವುದಿಲ್ಲ. ಇನ್ನು ಪಥಗಳು ಮುಗಿಯುವ ಜಾಗ. ನೇರವಾದ, ಅಪಾಯ ಕಡಿಮೆಯಿರುವ ರಸ್ತೆಯುದ್ದಕ್ಕೂ ಜೊತೆ ಬರುವ ಪಥ, ಬಸ್ಸುಗಳು ಎಡಕ್ಕೆ ತಿರುಗುವ, ನಾಲ್ಕೂ ಕಡೆಯಿಂದ ವಾಹನ ನುಗ್ಗುವ ವೃತ್ತ ಹತ್ತಿರವಾದಾಗ ತಟ್ಟನೆ ಇಲ್ಲವಾಗುತ್ತದೆ. ಸವಾರನಿಗೆ ರಕ್ಷಣೆ ಬೇಕಾದದ್ದು ಅಲ್ಲಿ. ವೃತ್ತದ ವಿನ್ಯಾಸ ಕಷ್ಟದ ಕೆಲಸ, ನಿಜ. ಆದರೆ ಕಷ್ಟದ ಭಾಗವನ್ನು ಬಿಟ್ಟು ಸುಲಭದ ಭಾಗಕ್ಕೆ ಮಾತ್ರ ಬಣ್ಣ ಬಳಿದು ಇಷ್ಟು ಕಿಲೊಮೀಟರ್ ಪಥ ನಿರ್ಮಿಸಿದೆವು ಎಂದು ಲೆಕ್ಕ ಕೊಡುವುದು ತಪ್ಪು.

ಈ ತಪ್ಪು ಭಾರತದ್ದು ಮಾತ್ರವಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ 2014ರಲ್ಲಿ ಹೊಸ ಟ್ರಾಮ್ ಓಡಾಟ ಆರಂಭವಾಯಿತು. ಹಳಿಯ ಪಕ್ಕದ ಸೀಳು ಸೈಕಲ್ ಚಕ್ರಕ್ಕೆ ಸರಿಯಾದ ಅಳತೆ. ಅದನ್ನು ನೇರ ಅಡ್ಡಲಾಗಿ ದಾಟಿದರೆ ತೊಂದರೆಯಿಲ್ಲ. ಓರೆಯಾಗಿ ದಾಟಿದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಕೆಲವು ಕಡೆ ರಸ್ತೆಯ ವಿನ್ಯಾಸವೇ ಸವಾರರನ್ನು ಓರೆಯಾಗಿ ದಾಟುವಂತೆ ಒತ್ತುತ್ತಿತ್ತು. ನೂರಾರು ಜನ ಬಿದ್ದರು. 2017ರಲ್ಲಿ ಒಬ್ಬ ವಿದ್ಯಾರ್ಥಿನಿ ಹಳಿಯಲ್ಲಿ ಚಕ್ರ ಸಿಕ್ಕಿ ಬಿದ್ದು, ಹಿಂದಿನಿಂದ ಬಂದ ವಾಹನಕ್ಕೆ ಸಿಲುಕಿ ತೀರಿಕೊಂಡಳು. 2019ರಲ್ಲಿ ಅಲ್ಲಿನ ನ್ಯಾಯಾಲಯ, ಬಿದ್ದು ಗಾಯಗೊಂಡ ಇಬ್ಬರು ಸವಾರರ ಮೊಕದ್ದಮೆಯಲ್ಲಿ ಹೊಣೆ ಟ್ರಾಮ್ ಮತ್ತು ನಗರಾಡಳಿತದ್ದೇ ಎಂದು ತೀರ್ಪು ಕೊಟ್ಟಿತು. ನೋಡಿಕೊಂಡು ಹೋಗಬೇಕಿತ್ತು ಎಂಬ ವಾದ ನಿಲ್ಲಲಿಲ್ಲ.

ನಮ್ಮಲ್ಲಿ ಆ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ. ಸೈಕಲ್ಲಿನಿಂದ ಬಿದ್ದವನನ್ನು ಎತ್ತಿ ಕೂರಿಸಿ ನೀರು ಕೊಡುವ ಕೈಗಳ ಜೊತೆಗೇ ಒಂದು ಬಾಯಿ “ನೋಡ್ಕೊಂಡು ಹೋಗ್ಬಾರ್ದೇನಪ್ಪಾ” ಅನ್ನುತ್ತದೆ. ಬಿದ್ದವನೂ ನಾಚಿಕೊಂಡು, ಮಂಡಿಯ ಧೂಳು ಕೊಡವಿ, ಬೆಂಡಾದ ರಿಮ್ಮನ್ನು ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗುತ್ತಾನೆ. ಪೊಲೀಸು ದೂರಿಲ್ಲ, ವಿಮೆಯಿಲ್ಲ, ಯಾವ ಕಡತದಲ್ಲೂ ಅವನ ಹೆಸರಿಲ್ಲ. ಮರುದಿನ ಅದೇ ಜಾಗದಲ್ಲಿ ಇನ್ನೊಬ್ಬ ಬೀಳುತ್ತಾನೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು. ಇದು ಪೊಲೀಸರು ದಾಖಲಿಸಿದ್ದು ಮಾತ್ರ. ಗುಂಡಿ ತಪ್ಪಿಸಲು ಸವಾರ ಬಲಕ್ಕೆ ವಾಲಿದಾಗ ಲಾರಿ ತಾಗಿದರೆ ದಾಖಲೆಯಲ್ಲಿ ಉಳಿಯುವುದು ಲಾರಿ ಡಿಕ್ಕಿ. ಗುಂಡಿ ದಾಖಲೆಯಿಂದ ಜಾರಿಹೋಗುತ್ತದೆ. ಹಾಗಿದ್ದೂ 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ರಸ್ತೆಗುಂಡಿಗಳಿಂದಲೇ 14,926 ಜನ ಸತ್ತರೆಂಬ ಅಂಕಿ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಗಡಿಯಲ್ಲಿ ಸಾಯುವವರಿಗಿಂತ ಗುಂಡಿಗೆ ಸಾಯುವವರೇ ಹೆಚ್ಚೇನೋ ಎಂದು ನ್ಯಾಯಪೀಠ ಕಳವಳಪಟ್ಟಿತು.

ತಾನಾಗಿ ಬೀಳುವುದನ್ನು ಗಂಭೀರವಾಗಿ ತೆಗೆದುಕೊಂಡ ದೇಶ ನೆದರ್‌ಲೆಂಡ್ಸ್. 1970ರ ದಶಕದ ಆರಂಭದಲ್ಲಿ, ವರ್ಷಕ್ಕೆ ನೂರಾರು ಮಕ್ಕಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದಾಗ, ಅಲ್ಲಿನ ತಂದೆತಾಯಿಯರು ಮಕ್ಕಳ ಕೊಲೆ ನಿಲ್ಲಿಸಿ ಎಂದು ಬೀದಿಗಿಳಿದಿದ್ದರು. ಪ್ರತ್ಯೇಕ ಪಥಗಳು ಬಂದವು, ಸಾವು ಇಳಿಯಿತು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಆಸ್ಪತ್ರೆಗಳ ದಾಖಲೆ ಕೆದಕಿದಾಗ, ಗಾಯಗೊಂಡು ಬರುವ ಸೈಕಲ್ ಸವಾರರಲ್ಲಿ ಬಹುಪಾಲು ಜನಕ್ಕೆ ಯಾವ ವಾಹನವೂ ತಾಗಿರಲಿಲ್ಲ ಎಂದು ತಿಳಿಯಿತು. ಹಾಗೆ ಬಿದ್ದ ಪ್ರಕರಣಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ರಸ್ತೆಯ ಮೇಲ್ಮೈ, ಅಂಚು ಅಥವಾ ಪಥದ ನಡುವಿನ ಕಂಬದ ಪಾತ್ರವಿತ್ತು. ಪಥಕ್ಕೆ ಕಾರು ನುಗ್ಗದಿರಲೆಂದು ತಾವೇ ನೆಟ್ಟ ಕಂಬಗಳಿಗೆ ತಮ್ಮ ಜನವೇ ಗುದ್ದಿಕೊಂಡು ಬೀಳುತ್ತಿದ್ದಾರೆಂದು ಅರಿತು, ಅನಗತ್ಯ ಕಂಬಗಳನ್ನು ಕಿತ್ತುಹಾಕತೊಡಗಿದರು.

ಬೆಂಗಳೂರಿನಂಥ ಊರಿನಲ್ಲಿ ಕಂಬ ಬೇಡವೇ ಬೇಡ ಎನ್ನಲಾಗದು. ಕಂಬವಿಲ್ಲದ ಕಡೆ ಬೈಕು ನುಗ್ಗುತ್ತದೆ. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ ಬಂದ, ಬಸ್ಸುಗಳಿಗೆಂದೇ ಪಥವಿದ್ದ ಬಿ.ಆರ್.ಟಿ. ರಸ್ತೆಯ ಸೈಕಲ್ ಪಥಕ್ಕೂ ಬೈಕುಗಳ ಕಾಟ ತಪ್ಪಲಿಲ್ಲ. 2016ರಲ್ಲಿ ಆ ಇಡೀ ವ್ಯವಸ್ಥೆಯನ್ನೇ ಕಿತ್ತುಹಾಕಲಾಯಿತು. ಕಂಬ ಇರಲಿ. ಆದರೆ ಹ್ಯಾಂಡಲ್ ಸಲೀಸಾಗಿ ತೂರುವಷ್ಟು ಅಂತರ, ಕತ್ತಲಲ್ಲಿ ಹೊಳೆಯುವ ಪಟ್ಟಿ, ತಾಗಿದರೆ ಬಾಗುವ ಗುಣ, ಕಂಬ ಬರುತ್ತಿದೆಯೆಂದು ಹತ್ತು ಮೀಟರ್ ಮೊದಲೇ ಹೇಳುವ ಬಿಳಿಗೆರೆ ಇರಲಿ. ಇದರಲ್ಲಿ ಎಂಜಿನಿಯರಿಗೆ ಹೊಸತೇನೂ ಇಲ್ಲ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳಿಗೆಂದು ಮಾರ್ಗಸೂಚಿ ತಂದಿದೆ, ಆಮೇಲೆ ಪರಿಷ್ಕರಿಸಿಯೂ ಇದೆ. ಕೊರತೆ ಇರುವುದು ಪುಸ್ತಕದಲ್ಲಲ್ಲ, ಕಾಮಗಾರಿ ನಡೆಯುವ ಜಾಗದಲ್ಲಿ.

ಈಗ ಸೈಕಲ್ ತುಳಿಯುವವರು ಯಾರಿದ್ದಾರೆ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬ ಆಕ್ಷೇಪಣೆ ಸಾಮಾನ್ಯ. 2011ರ ಜನಗಣತಿಯಲ್ಲಿ ದೇಶದ ಸುಮಾರು ಶೇ 45ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಕೆಲಸಕ್ಕೆ ಹೋಗಿಬರುವವರಲ್ಲಿ ಶೇ 13ರಷ್ಟು ಜನ ಸೈಕಲ್ಲನ್ನೇ ನೆಚ್ಚಿದ್ದರು. ಅವರು ಕಾಣದಿರಲು ಕಾರಣ ಅವರ ಹೊತ್ತು ಬೇರೆ. ಬೆಳಗಿನ ನಾಲ್ಕಕ್ಕೆ ಪೇಪರ್ ಹಾಕುವ ಹುಡುಗ, ಐದಕ್ಕೆ ಹಾಲು, ಆರಕ್ಕೆ ಹೂವು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯೂರಿಟಿಯವರು, ಕಟ್ಟಡದ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವ ಗಾರೆಯವರು. ಬೀದಿದೀಪ ಕೆಟ್ಟ ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಸಾಗುವವರು ಇವರೇ, ಕೈ ಮುರಿದುಕೊಂಡರೆ ಒಂದು ತಿಂಗಳ ಕೂಲಿ ಕಳೆದುಕೊಳ್ಳುವವರೂ ಇವರೇ. ಸೈಕಲ್ ಪಥವನ್ನು ಭಾನುವಾರದ ವ್ಯಾಯಾಮದ ಸೌಕರ್ಯವೆಂದು ತಿಳಿದು ಕೆರೆ ಏರಿಯ ಮೇಲೆ, ಉದ್ಯಾನದ ಸುತ್ತ ಹಾಸಿದಾಗ ಇವರಿಗೆ ಏನೂ ಸಿಗುವುದಿಲ್ಲ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್, ಸೈಕಲ್ಲಿನ ಜೊತೆ ದಾರಿಯೂ ಬೇಕೆಂಬುದಕ್ಕೆ ಹತ್ತಿರದ ಪಾಠ. 450 ಸೈಕಲ್ಲು, 48 ನಿಲ್ದಾಣಗಳೊಂದಿಗೆ ಬಂದ ಅದನ್ನು ಊರು ಪ್ರೀತಿಯಿಂದಲೇ ಒಪ್ಪಿಕೊಂಡಿತು. ಅಗಲ ರಸ್ತೆ, ಹದವಾದ ದೂರ, ಅವಸರವಿಲ್ಲದ ಊರು. ಅಂಥ ಊರಿನಲ್ಲೂ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಕಡಿಯದೆ ಸಾಗುವ ಸೈಕಲ್ ದಾರಿ ಸೈಕಲ್ಲಿನ ಜೊತೆಗೇ ಬರಲಿಲ್ಲ. ಸ್ಪೇನಿನ ಸೆವಿಲ್ಯ ನಗರ 2006ರ ನಂತರ ಒಂದೆರಡು ವರ್ಷಗಳಲ್ಲೇ ಸುಮಾರು 80 ಕಿಲೊಮೀಟರ್ ಪಥವನ್ನು ಒಂದಕ್ಕೊಂದು ಬೆಸೆದು, ವಾಹನಗಳಿಂದ ಬೇರ್ಪಡಿಸಿ ಕಟ್ಟಿತು. ಸೈಕಲ್ ಬಳಕೆ ಅಲ್ಲಿ ಹಲವು ಪಟ್ಟು ಏರಿತು. ತುಂಡು ತುಂಡಾಗಿ ಕಟ್ಟಿದ್ದರೆ ಆ ಹಣವೂ ವ್ಯರ್ಥವಾಗುತ್ತಿತ್ತು.

ದಾರಿ ಕೊಡುವ ಬದಲು ಸೈಕಲ್ಲನ್ನೇ ಹೊರಗಿಡುವುದು ಇನ್ನೊಂದು ಪರಿಹಾರವಾಗಿ ಬೆಳೆಯುತ್ತಿದೆ. ಕೋಲ್ಕತ್ತದ ಪೊಲೀಸರು 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದರು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ನೂರು ಕಿಲೊಮೀಟರ್ ವೇಗದ ರಸ್ತೆಯಲ್ಲಿ ಸೈಕಲ್ ಬೇಡವೆನ್ನುವುದು ನ್ಯಾಯವೇ. ಆದರೆ ಹಾಗೆ ಹೇಳಿದವರ ಮೇಲೆ ಸರ್ವಿಸ್ ರಸ್ತೆಯ ಹೊಣೆ ಬೀಳುತ್ತದೆ. ಬೈಕು, ಆಟೊ, ಕಬ್ಬಿನ ಟ್ರ್ಯಾಕ್ಟರು, ಎದುರಿನಿಂದ ಬರುವ ವಾಹನಗಳ ಜೊತೆ ಸೈಕಲ್ಲೂ ಅಲ್ಲೇ ಸೇರಿಕೊಂಡಿದೆ. ಮಂಡ್ಯ, ಮದ್ದೂರಿನ ಆಸುಪಾಸಿನ ಹಳ್ಳಿಯ ಹುಡುಗ ಶಾಲೆಗೆ ತುಳಿಯಬೇಕಾದದ್ದು ಆ ರಸ್ತೆಯಲ್ಲಿ. ಇತ್ತ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಎಷ್ಟೋ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ. ಆ ಮಕ್ಕಳೂ ಕಲಿತದ್ದು ಲಾರಿಗಳ ಮಗ್ಗುಲಲ್ಲಿ, ಹೆದ್ದಾರಿಯ ಅಂಚಿನ ಮೇಲೆಯೇ.

ಹೊಣೆ ಯಾರದೆಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ಕಟ್ಟಬೇಕೆನ್ನುತ್ತದೆ. ಜೀವಕ್ಕೆ ಹೋಲಿಸಿದರೆ ಅದು ಪುಡಿಗಾಸು. ಆದರೂ ತಪ್ಪು ರಸ್ತೆಯದೂ ಆಗಿರಬಹುದೆಂದು ಕಾನೂನು ಒಪ್ಪಿಕೊಂಡಿತಲ್ಲ, ಅದು ದೊಡ್ಡದು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದೂ, ಗುಂಡಿಯಿಂದ ಗಾಯಗೊಂಡವರು ಬೆಂಗಳೂರಿನ ಪಾಲಿಕೆಯಿಂದ ಪರಿಹಾರ ಕೇಳಬಹುದೆಂದೂ ಹೇಳಿತು. ಈ ಹಕ್ಕು ಸೈಕಲ್ ತುಳಿಯುವ ಕೂಲಿಯವರ ಕಿವಿಗೆ ಇನ್ನೂ ಬಿದ್ದಿಲ್ಲ.

ಹೆಚ್ಚಿನ ದುರಸ್ತಿಗೆ ಹೊಸ ಯೋಜನೆ, ಕೋಟಿಗಳ ಟೆಂಡರು ಬೇಕಿಲ್ಲ. ಜಾಲರಿಯನ್ನು ಅಡ್ಡ ತಿರುಗಿಸುವುದು, ಡಾಂಬರು ಹಾಕಿದ ದಿನವೇ ಚೇಂಬರ್ ಮುಚ್ಚಳವನ್ನು ಅದರ ಮಟ್ಟಕ್ಕೆ ಎತ್ತಿಸುವುದು, ರಸ್ತೆಯ ಅಂಚಿಗೆ ಗ್ರಾವೆಲ್ ತುಂಬಿ ರೋಲರ್ ಓಡಿಸಿ ಇಳಿಜಾರು ಮಾಡುವುದು, ಅಗೆದ ಕಾಲುವೆಯನ್ನು ಸಮವಾಗಿ ಮುಚ್ಚುವುದು ಗುತ್ತಿಗೆಯೊಳಗೇ ಸೇರಿರಬೇಕಾದ ಕೆಲಸಗಳು. ಮಾಡಿದ್ದಾರೋ ಇಲ್ಲವೋ ಎಂದು ನೋಡಲು ಇರುವ ಅತಿ ಅಗ್ಗದ ಉಪಕರಣ ಒಂದು ಸಾದಾ ಸೈಕಲ್ಲು. ರಸ್ತೆ ಕಾಮಗಾರಿಯ ಬಿಲ್ಲು ಪಾಸಾಗುವ ಮುನ್ನ, ಮಳೆ ಬಂದು ನಿಂತ ಒಂದು ಸಂಜೆ, ಆ ಕೆಲಸಕ್ಕೆ ಸಹಿ ಹಾಕುವ ಎಂಜಿನಿಯರು ಸೈಕಲ್ ಹತ್ತಿ ರಸ್ತೆಯ ಈ ತುದಿಯಿಂದ ಆ ತುದಿಗೆ ತುಳಿದು ಬರಬೇಕೆಂದು ನಿಯಮ ಮಾಡಲಿ. ಬಿದ್ದವರೂ ನಾಚಿಕೊಂಡು ಎದ್ದುಹೋಗುವುದು ಬೇಡ. ಬಿದ್ದ ಜಾಗದ ಫೋಟೊ ತೆಗೆದು, ತಾರೀಖು ಬರೆದು, ವಾರ್ಡ್ ಕಚೇರಿಗೋ ಗ್ರಾಮ ಪಂಚಾಯಿತಿಗೋ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಅರ್ಜಿ ಬರೆಯಲು ಬಾರದವರು ನೆರೆಯಲ್ಲಿದ್ದರೆ ಈ ಸಾಲುಗಳನ್ನು ಓದುತ್ತಿರುವವರು ಬರೆದುಕೊಡಲಿ.